ಸ್ಪ್ರೆಡ್‌ಶೀಟ್‌ನಲ್ಲಿ ಸೊನ್ನೆ ಮಾಯವಾಗುತ್ತಿತ್ತು, ಸರಿಯಾಗಿದ್ದು ಹೀಗೆ

ಸದಸ್ಯರ ಪಟ್ಟಿ ಸ್ಪ್ರೆಡ್‌ಶೀಟ್‌ನಲ್ಲಿತ್ತು. 00417 ಅಂತಿದ್ದ ಸಂಖ್ಯೆ 417 ಆಗುತ್ತಿತ್ತು, 16 ಅಂಕಿಯ ಸಂಖ್ಯೆಗಳ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತಿತ್ತು, ಒಬ್ಬರೇ ಸದಸ್ಯರು ಎರಡೆರಡು ಸಾಲಿನಲ್ಲಿ ಇರುತ್ತಿದ್ದರು.

ಕಾಲಮ್ ಅನ್ನು ಟೆಕ್ಸ್ಟ್ ಮಾಡಿದೆ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ ಫೈಲ್) ಮತ್ತೆ ತೆರೆದರೆ ಅದೇ ಕಥೆ. ಡೇಟಾ ವ್ಯಾಲಿಡೇಶನ್ (ತಪ್ಪು ನಮೂದು ತಡೆಯುವ ನಿಯಮ) ಹಾಕಿದೆ, ಟೈಪ್ ಮಾಡಿದರೆ ತಡೆಯುತ್ತದೆ, ಪೇಸ್ಟ್ ಮಾಡಿದರೆ ಸುಮ್ನೆ ಬಿಟ್ಟುಬಿಡುತ್ತದೆ.

ಕೊನೆಗೆ ಪಟ್ಟಿಯನ್ನು ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್‌ಗೆ ಹಾಕಿದೆ. ಇಲ್ಲಿ ಕ್ರಮ ತಪ್ಪಬಾರದು: ಮೊದಲು ಟೇಬಲ್, ಆಮೇಲೆ ಇಂಪೋರ್ಟ್. ಸದಸ್ಯ ಸಂಖ್ಯೆಗೆ ಇಂಟಿಜರ್ (ಪೂರ್ಣಾಂಕ) ಬೇಡ, ‘ಟೆಕ್ಸ್ಟ್ ನಾಟ್ ನಲ್ ಪ್ರೈಮರಿ ಕೀ’ ಅಂತಲೇ ಕೊಡಿ. ಪ್ರೈಮರಿ ಕೀ ಅಂದರೆ ಪ್ರತಿ ಸಾಲನ್ನು ಗುರುತಿಸುವ, ಎರಡು ಸಲ ಬರಬಾರದ ಕಾಲಮ್. ನಾಟ್ ನಲ್ ಬಿಟ್ಟರೆ ಟೆಕ್ಸ್ಟ್ ಪ್ರೈಮರಿ ಕೀಯಲ್ಲಿ ನಲ್ (ಮೌಲ್ಯವೇ ಇಲ್ಲದ್ದು) ಕೂಡ ಒಳಗೆ ಬರುತ್ತದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮೂಲ ಸಿಎಸ್‌ವಿಯನ್ನೇ ತೆಗೆದುಕೊಳ್ಳಿ, ಮಧ್ಯೆ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಸೇವ್ ಮಾಡಿದರೆ ಹೋದ ಸೊನ್ನೆ ವಾಪಸ್ ಬರಲ್ಲ. ಡಾಟ್ ಇಂಪೋರ್ಟ್ ಕಮಾಂಡ್‌ಗೆ ಸಿಎಸ್‌ವಿ ಮತ್ತು ಸ್ಕಿಪ್ 1 ಆಯ್ಕೆ ಕೊಡಿ, ಇಲ್ಲದಿದ್ದರೆ ಶೀರ್ಷಿಕೆ ಸಾಲೂ ಒಬ್ಬ ಸದಸ್ಯನಾಗುತ್ತದೆ.

ಎರಡನೇ ಸಲ ಬಂದ ಸಂಖ್ಯೆಗಳನ್ನು ಎಸ್‌ಕ್ಯೂಲೈಟೇ ಹಿಡಿಯಿತು. ‘ಯೂನಿಕ್ ಕನ್‌ಸ್ಟ್ರೇಂಟ್ ಫೇಲ್ಡ್’ ಅಂತ ಸಾಲಿನ ಸಂಖ್ಯೆ ಸಮೇತ ತೋರಿಸಿತು, ಆ ಸಾಲುಗಳನ್ನಷ್ಟೇ ಕೈಯಲ್ಲಿ ನೋಡಿದೆ.

ಶುಲ್ಕಕ್ಕೆ ಬೇರೆ ಟೇಬಲ್ ಮಾಡಿ ಫಾರಿನ್ ಕೀ (ಸದಸ್ಯರ ಟೇಬಲ್‌ಗೆ ಜೋಡಿಸುವ ಕಾಲಮ್) ಹಾಕಿದ್ದರೆ, ಪ್ರತಿ ಸಲ ಕನೆಕ್ಟ್ ಆದ ಕೂಡಲೇ ‘ಪ್ರಾಗ್ಮಾ ಫಾರಿನ್ ಕೀಸ್’ ಎಂಬ ಸೆಟ್ಟಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಅದು ಆಫ್ ಇರುತ್ತದೆ.