ಗಿಡದ ಆಂಟಿಆಕ್ಸಿಡೆಂಟ್ ರೇಡಿಯೇಷನ್ ತಡೆಯುತ್ತೆ ಅನ್ನೋ ಸುದ್ದಿನ ಅಳೆದು ನೋಡೋದು ಹೇಗೆ

ಇಂಥ ಎಲೆ ರಸ ಕುಡಿದ್ರೆ ರೇಡಿಯೇಷನ್ ಏನೂ ಮಾಡಲ್ಲ ಅಂತ ಫಾರ್ವರ್ಡ್ ಬಂದ್ರೆ ಮೊದ್ಲು ಹುಡುಕ್ಬೇಕಾದ್ದು ಅದನ್ನ ಯಾವಾಗ ಕೊಟ್ರು ಅನ್ನೋದು. ಎಕ್ಸ್‌ರೇ ಅಥವಾ ಗಾಮಾ ಕಿರಣದಿಂದ ಡಿಎನ್ಎಗೆ ಆಗೋ ಡ್ಯಾಮೇಜ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಿರಣ ನೇರವಾಗಿ ತಾಗಿ ಆಗಲ್ಲ, ಅದು ಕೋಶದಲ್ಲಿರೋ ನೀರನ್ನ ಒಡೆದು ಹೈಡ್ರಾಕ್ಸಿಲ್ ರಾಡಿಕಲ್ (ಸಿಕ್ಕಿದ್ದರ ಜೊತೆ ತಕ್ಷಣ ರಿಯಾಕ್ಟ್ ಆಗೋ ಚೂರು) ಹುಟ್ಟಿಸುತ್ತೆ, ಆ ರಾಡಿಕಲ್ ಹೋಗಿ ಡಿಎನ್ಎನ ಕೆಡಿಸುತ್ತೆ. ಅದರ ಆಯಸ್ಸು ನ್ಯಾನೋಸೆಕೆಂಡ್ ಲೆಕ್ಕದ್ದು! ಹಾಗಾಗಿ ಅದನ್ನ ಹಿಡಿಯೋ ಪದಾರ್ಥ, ಅಂದ್ರೆ ಆಂಟಿಆಕ್ಸಿಡೆಂಟ್, ಕಿರಣ ಬೀಳೋ ಮೊದ್ಲೇ ಕೋಶದೊಳಗೆ ಸಾಕಷ್ಟು ಇರ್ಬೇಕು, ಸ್ಕ್ಯಾನ್ ಮುಗಿಸ್ಕೊಂಡು ಬಂದು ಜ್ಯೂಸ್ ಕುಡಿದ್ರೆ ಈ ರಾಡಿಕಲ್ ವಿಷಯದಲ್ಲಂತೂ ಏನೂ ಉಪಯೋಗ ಇಲ್ಲ.

ಆಮೇಲೆ ಯಾರಿಗೆ, ಹೇಗೆ ಕೊಟ್ರು ನೋಡಿ. ತುಳಸಿಯಲ್ಲಿರೋ ಓರಿಯೆಂಟಿನ್, ವೈಸೆನಿನ್ ಅನ್ನೋ ಪದಾರ್ಥಗಳು ಇಲಿಗಳನ್ನ ಕಾಪಾಡಿರೋದು ನಿಜಾನೇ, ಆದ್ರೆ ಅದು ಕಿರಣ ಬಿಡೋ ಮುಂಚೆ ಹೊಟ್ಟೆಯೊಳಕ್ಕೆ ಇಂಜೆಕ್ಷನ್ ಕೊಟ್ಟು. ಬಾಯಲ್ಲಿ ತಗೊಂಡಿದ್ದು ಅಷ್ಟೇ ಪ್ರಮಾಣದಲ್ಲಿ ರಕ್ತಕ್ಕೆ ಸೇರಲ್ಲ, ಅರಿಶಿನದ ಕರ್ಕ್ಯುಮಿನ್‌ದೂ ಇದೇ ಕಥೆ.

ಡೋಸ್ ನೋಡೋದನ್ನ ಜನ ಮರೀತಾರೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಅದೇ. ಇಲಿ ಪ್ರಯೋಗದಲ್ಲಿ ಇಡೀ ಮೈಗೆ 8–10 ಗ್ರೇ (ಮೈ ಹೀರಿಕೊಂಡ ಕಿರಣದ ಅಳತೆ) ಕೊಡೋದು ಮಾಮೂಲು, ಹೊಟ್ಟೆಯ ಸಿಟಿ ಸ್ಕ್ಯಾನ್‌ನಲ್ಲಿ ಬೀಳೋದು ಸುಮಾರು 10 ಮಿಲಿಸೀವರ್ಟ್ (ಕಿರಣದಿಂದ ಮೈಗಾಗೋ ಅಪಾಯದ ಅಳತೆಯಾದ ಸೀವರ್ಟ್‌ನ ಸಾವಿರದಲ್ಲೊಂದು ಪಾಲು), ಯೂನಿಟ್ ಬೇರೆ ಆದ್ರೂ ಅಂದಾಜಿಗೆ ಸಾವಿರ ಪಟ್ಟು ವ್ಯತ್ಯಾಸ. ಪೇಪರ್‌ನಲ್ಲಿ 'ಡೋಸ್ ರಿಡಕ್ಷನ್ ಫ್ಯಾಕ್ಟರ್' 1.2 ಅಂತಿದ್ರೆ, ಅಷ್ಟೇ ಹಾನಿ ಆಗೋಕೆ 20% ಜಾಸ್ತಿ ಡೋಸ್ ಬೇಕಾಯ್ತು ಅಂತ ಓದ್ಕೊಳ್ಳಿ, ಪೂರ್ತಿ ರಕ್ಷಣೆ ಅಂತಲ್ಲ.

ಕ್ಯಾನ್ಸರ್‌ಗೆ ರೇಡಿಯೋಥೆರಪಿ ನಡೀತಿದ್ರೆ ಮಾತ್ರ ಲೆಕ್ಕ ಉಲ್ಟಾ, ಅಲ್ಲಿ ಗಡ್ಡೆಯ ಕೋಶ ಸಾಯೋದೂ ಇದೇ ರಾಡಿಕಲ್‌ನಿಂದ, ಅದನ್ನೂ ಕಾಪಾಡಿಬಿಟ್ರೆ ಟ್ರೀಟ್‌ಮೆಂಟ್ ಯಾಕೆ? ತಲೆ-ಕುತ್ತಿಗೆ ಕ್ಯಾನ್ಸರ್‌ನ 540 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಟ್ರಯಲ್‌ನಲ್ಲಿ ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್ ಕೊಟ್ಟಾಗ ಸೈಡ್ ಎಫೆಕ್ಟ್ ಕಮ್ಮಿ ಆಯ್ತು, ಆದ್ರೆ ಗಡ್ಡೆ ಮರಳಿ ಬರೋದು ಜಾಸ್ತಿ ಆಗೋ ಹಾಗೆ ಕಾಣಿಸ್ತು. ಆದ್ರಿಂದ ಮಾತ್ರೆ, ಪುಡಿ, ಕಷಾಯ ಏನೇ ತಗೋತಿದ್ರೂ ಪಟ್ಟಿ ಬರ್ಕೊಂಡು ಥೆರಪಿ ಶುರುವಾಗೋ ಮುಂಚೆ ಡಾಕ್ಟರ್‌ಗೆ ತೋರ್ಸಿ, "ಬರೀ ಗಿಡಮೂಲಿಕೆ ತಾನೇ" ಅಂತ ಬಿಡ್ಬೇಡಿ. ಹಣ್ಣು-ತರಕಾರಿ ಊಟದಲ್ಲಿ ಎಂದಿನಂತೆ ಇರ್ಲಿ, ಗೊಂದಲ ಇದ್ರೆ ಅದನ್ನೂ ಅವ್ರನ್ನೇ ಕೇಳಿ.

ಇನ್ನು ಸ್ಕ್ಯಾನ್ ಬಗ್ಗೆ ಭಯ ಇದ್ರೆ, ಇದರ ಬದ್ಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಆಗುತ್ತಾ ಅಂತ ಕೇಳಿ ನೋಡಿ, ಅವೆರಡರಲ್ಲೂ ಈ ಥರದ ಕಿರಣನೇ ಇರಲ್ಲ.