ಅಸೈಟಿಸ್ ಚಾರ್ಟ್: ಸಮರಿ ಕೊನೆಗೆ ಓದಿದರೆ ಏನಾಗುತ್ತದೆ?

ಅಸೈಟಿಸ್ (ಹೊಟ್ಟೆಯಲ್ಲಿ ನೀರು ತುಂಬುವುದು) ಇರುವ ರೋಗಿಯ ಚಾರ್ಟ್‌ನಲ್ಲಿ ಡಿಸ್ಚಾರ್ಜ್ ಸಮರಿಯನ್ನು, ಅಂದರೆ ಮನೆಗೆ ಕಳಿಸುವಾಗ ಡಾಕ್ಟರ್ ಬರೆಯುವ ಸಾರಾಂಶವನ್ನು, ಕೊನೆಗೆ ಓದಬೇಕು ಅಂತ ನಾನು ಹೇಳಿದಾಗ ನಮ್ಮ ಟೀಮಿನಲ್ಲಿ ಯಾರೂ ಒಪ್ಪಲಿಲ್ಲ. "ಟಾರ್ಗೆಟ್ ಯಾರು ಮುಗಿಸ್ತಾರೆ?" ಅಂದರು. ಈಗ ಹೊಸದಾಗಿ ಸೇರಿದವರನ್ನು ಮೊದಲು ನನ್ನ ಪಕ್ಕವೇ ಕೂರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಇನ್‌ಪೇಷೆಂಟ್ ಚಾರ್ಟ್ ಓದಿ, ಇನ್ಶೂರೆನ್ಸ್ ಬಿಲ್ಲಿಗಾಗಿ ರೋಗ-ಚಿಕಿತ್ಸೆಗಳಿಗೆ ಕೋಡ್ ಹಾಕುವವನು. 2015ರ ಅಕ್ಟೋಬರ್‌ನಲ್ಲಿ ಐಸಿಡಿ-10-ಸಿಎಂ (ಅಲ್ಲಿನ ರೋಗಗಳ ಕೋಡ್ ಪಟ್ಟಿ) ಬಂದಾಗಿನ ಗದ್ದಲ ನೋಡಿದವನು. ಲಿವರ್ ಚಾರ್ಟ್‌ಗಳು ನನ್ನ ಪಾಲಿಗೆ ಬಂದದ್ದು ಬೇರೆಯವರಿಗೆ ಬೇಡವಾಗಿದ್ದಕ್ಕೆ.

ತಲೆನೋವು ಏನು ಅಂತ ನಿಮಗೂ ಗೊತ್ತು. ಡಾಕ್ಟರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಅಂತ ಒಂದು ಕಡೆ ಬರೆದಿರುತ್ತಾರೆ. ಕುಡಿತದ ವಿಷಯ ಸೋಷಿಯಲ್ ಹಿಸ್ಟರಿಯಲ್ಲಿ. ಅಸೈಟಿಸ್ ಮೂರನೇ ದಿನದ ಪ್ರೋಗ್ರೆಸ್ ನೋಟ್‌ನಲ್ಲಿ. ನಾವು ಕೆ74.60 (ಕಾರಣ ಹೇಳದ ಸಿರೋಸಿಸ್), ಆರ್18.8 (ಅಸೈಟಿಸ್), ಎಫ್10.20 (ಕುಡಿತದ ಚಟ) ಹಾಕಿ ಮುಂದೆ ಹೋಗುತ್ತಿದ್ದೆವು. ಆಡಿಟರ್ ಬಂದು "ಇದು ಕೆ70.31 ಅಲ್ವಾ, ಕುಡಿತದ ಸಿರೋಸಿಸ್ ಜೊತೆ ಅಸೈಟಿಸ್?" ಅನ್ನುತ್ತಿದ್ದರು. ಸರಿ ಅಂತ ಕೆ70.31 ಹಾಕಿದರೆ ಇನ್ಶೂರೆನ್ಸ್ ಕಡೆಯಿಂದ ಡಿನೈಯಲ್ (ಹಣ ಕೊಡಲ್ಲ ಅನ್ನುವುದು): ಲಿವರ್ ಹೋಗಿದ್ದು ಕುಡಿತದಿಂದಲೇ ಅಂತ ಡಾಕ್ಟರ್ ಎಲ್ಲಿ ಬರೆದಿದ್ದಾರೆ? ಆಲ್ಕೊಹಾಲಿಕ್ ಸಿರೋಸಿಸ್ ಅಂತ ಬರೆದಿದ್ದರೆ ಅಸೈಟಿಸ್ ಅನ್ನು ಅದಕ್ಕೆ ಸೇರಿಸಲು ಕೋಡ್ ಪುಸ್ತಕದ ಇಂಡೆಕ್ಸೇ ದಾರಿ ಬಿಡುತ್ತದೆ. ಕುಡಿತಕ್ಕೂ ಸಿರೋಸಿಸ್‌ಗೂ ಗಂಟು ಹಾಕಬೇಕಾದವರು ಮಾತ್ರ ಡಾಕ್ಟರೇ. ಇನ್ನು ಕೆಲವರು ಕೆ70.31 ಜೊತೆಗೆ ಆರ್18.8 ಕೂಡ ಹಾಕಿ ಎಕ್ಸ್‌ಕ್ಲೂಡ್ಸ್-1ಕ್ಕೆ (ಈ ಎರಡು ಕೋಡ್ ಒಟ್ಟಿಗೆ ಬೇಡ ಅನ್ನುವ ಸೂಚನೆ) ಸಿಕ್ಕಿಹಾಕಿಕೊಳ್ಳುತ್ತಾರೆ. ಅವರ ಬಗ್ಗೆ ಏನು ಹೇಳುವುದು.

ಮೊದಲು ಸುಮ್ನೆ ಸರ್ಚ್ ಹಾಕಿ ನೋಡಿದೆ. "ನೋ ಅಸೈಟಿಸ್" ಅಂತ ಇರುವ ಸಾಲುಗಳೇ ಜಾಸ್ತಿ ಸಿಕ್ಕವು. ಆಮೇಲೆ ಡಾಕ್ಟರಿಗೆ ಅರ್ಧ ಪುಟದ ಕ್ವೆರಿ (ಸ್ಪಷ್ಟನೆ ಕೇಳುವ ಪತ್ರ) ಬರೆದೆ, ಗೈಡ್‌ಲೈನ್ ಸಮೇತ. ಉತ್ತರವೇ ಬರಲಿಲ್ಲ. ಹೌದು-ಇಲ್ಲ ಅಂತ ಟಿಕ್ ಮಾಡುವ ಹಾಗೆ ಚಿಕ್ಕದು ಮಾಡಿದೆ. ಲೀಡಿಂಗ್ ಕ್ವೆರಿ (ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ) ಅಂತ ಕಂಪ್ಲೈಯನ್ಸ್‌ನವರು ವಾಪಸ್ ಕಳಿಸಿದರು. ಈ ಮಧ್ಯೆ ಒಂದು ಆನ್‌ಲೈನ್ ಸಿಡಿಐ (ಡಾಕ್ಟರ ಬರಹವನ್ನು ಸ್ಪಷ್ಟವಾಗಿಸುವ ಕೆಲಸ) ಕೋರ್ಸ್‌ಗೆ ಕೈಯಿಂದ 15 ಸಾವಿರದಷ್ಟು ಸುರಿದೆ. ಸರ್ಟಿಫಿಕೇಟ್ ಚೆನ್ನಾಗಿತ್ತು.

ಕೊನೆಗೆ ಚಾರ್ಟ್ ಓದುವ ಕ್ರಮವನ್ನೇ ತಿರುಗಿಸಿದೆ. ಮೊದಲು ಪ್ಯಾರಾಸೆಂಟಿಸಿಸ್ (ಸೂಜಿಯಿಂದ ಹೊಟ್ಟೆಯ ನೀರು ತೆಗೆಯುವುದು) ನೋಟ್: ಎಷ್ಟು ಲೀಟರ್, ಯಾಕೆ ತೆಗೆದರು. ಆಮೇಲೆ ಫ್ಲೂಯಿಡ್ ರಿಪೋರ್ಟ್: ಸೆಲ್ ಕೌಂಟ್, ಆಲ್ಬುಮಿನ್ (ಒಂದು ಪ್ರೋಟೀನ್), ಸೈಟಾಲಜಿ (ಕ್ಯಾನ್ಸರ್ ಕಣ ಇದೆಯಾ ಅನ್ನುವ ಪರೀಕ್ಷೆ). ರಕ್ತದ ಆಲ್ಬುಮಿನ್‌ನಿಂದ ನೀರಿನ ಆಲ್ಬುಮಿನ್ ಕಳೆದರೆ ಸಾಗ್ ಸಿಗುತ್ತದೆ. 1.1 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪೋರ್ಟಲ್ ಹೈಪರ್‌ಟೆನ್ಶನ್ (ಲಿವರ್‌ಗೆ ಹೋಗುವ ರಕ್ತನಾಳದಲ್ಲಿ ಒತ್ತಡ) ಕಡೆ ನೋಡಬೇಕು. ಲ್ಯಾಬ್ ನೋಡಿ ಕೋಡ್ ಹಾಕುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಏನು ಕೇಳಬೇಕು ಅನ್ನುವುದು ಅಲ್ಲೇ ಸಿಗುತ್ತದೆ. ನಂತರ ಔಷಧಿ ಚಾರ್ಟ್, ಪ್ರೋಗ್ರೆಸ್ ನೋಟ್, ಎಲ್ಲ ಮುಗಿದ ಮೇಲೆ ಸಮರಿ.

ಮ್ಯಾನೇಜರ್ ಬಾಯಿ ಮುಚ್ಚಿಸಿದ ಚಾರ್ಟ್ ಹೇಳುತ್ತೇನೆ. ಸಮರಿಯಲ್ಲಿ ಇದ್ದದ್ದು ಇಷ್ಟೇ: ಸಿರೋಸಿಸ್, ಅಸೈಟಿಸ್, ಹೊಟ್ಟೆಯ ಇನ್ಫೆಕ್ಷನ್‌ಗೆ ಆಂಟಿಬಯಾಟಿಕ್. ನಾನು ರಿಪೋರ್ಟ್ ತೆಗೆದರೆ ನ್ಯೂಟ್ರೋಫಿಲ್ (ಸೋಂಕಿಗೆ ಏರುವ ಬಿಳಿ ರಕ್ತಕಣ) 400ರ ಮೇಲೆ. 250 ದಾಟಿದರೇ ಎಸ್‌ಬಿಪಿ (ಹೊಟ್ಟೆಯ ನೀರಿಗೆ ತಾನಾಗಿ ತಗಲುವ ಸೋಂಕು) ಅಂತ ಚಿಕಿತ್ಸೆ ಶುರು ಮಾಡುತ್ತಾರೆ. ಸೆಫ್ಟ್ರಿಯಾಕ್ಸೋನ್ ದಿನಾ ಹೋಗಿದೆ. ಆಲ್ಬುಮಿನ್ ಮೊದಲ ದಿನ ಒಮ್ಮೆ, ಮೂರನೇ ದಿನ ಒಮ್ಮೆ, ಎಸ್‌ಬಿಪಿಗೆ ಕೊಡುವ ಹಾಗೆಯೇ. ತುಂಬಾ ನೀರು ತೆಗೆದಾಗ ಕೊಡುವ ಆಲ್ಬುಮಿನ್ ಅವತ್ತೇ ಮುಗಿಯುತ್ತದೆ, ಹೀಗೆ ಒಂದು-ಮೂರು ಅಂತ ಬರುವುದಿಲ್ಲ. ಅಂದರೆ ಡಾಕ್ಟರ್ ತಲೆಯಲ್ಲಿ ಎಸ್‌ಬಿಪಿ ಇದೆ, ಕಾಗದದ ಮೇಲೆ ಇಲ್ಲ. ನಾಲ್ಕು ಸಾಲಿನ ಕ್ವೆರಿ ಕಳಿಸಿದೆ: ಕೌಂಟ್, ಆಂಟಿಬಯಾಟಿಕ್, ಆಲ್ಬುಮಿನ್ ಕೊಟ್ಟ ದಿನಗಳು, ಕೆಳಗೆ ಆಯ್ಕೆಗಳು. "ಬೇರೆ" ಮತ್ತು "ಹೇಳಲಾಗದು" ಅನ್ನುವುದು ಕಡ್ಡಾಯ. ದುಡ್ಡಿನ ಸುಳಿವು ಇರಕೂಡದು. ಮಾರನೇ ದಿನವೇ ಎಸ್‌ಬಿಪಿ ಅಂತ ಡಾಕ್ಟರ ಅಡೆಂಡಮ್ (ನೋಟ್‌ಗೆ ಸೇರ್ಪಡೆ) ಬಂತು. ಅದರ ಕೋಡ್ ಕೆ65.2 ಎಂಸಿಸಿ, ಅಂದರೆ ಬಿಲ್ ಏರಿಸುವ ದೊಡ್ಡ ತೊಡಕು. ಡಿಆರ್‌ಜಿ (ಆಸ್ಪತ್ರೆಗೆ ಹಣ ನಿಗದಿಯಾಗುವ ಗುಂಪು) ಜಿಗಿದು ಆ ಒಂದು ಚಾರ್ಟ್‌ನಲ್ಲೇ ಕೆಲವು ಸಾವಿರ ಡಾಲರ್ ವ್ಯತ್ಯಾಸ. ನನ್ನ ಕೈಗೆ ಬಂದದ್ದು ಒಂದು ಅಭಿನಂದನೆ ಮೇಲ್.

ಕ್ವೆರಿಯ ಮೊದಲ ಸಾಲು ಹೇಗಿರಬೇಕು, ಅಮೆರಿಕದ ಯಾವ ಹೊತ್ತಿಗೆ ಕಳಿಸಿದರೆ ಬೇಗ ಉತ್ತರ ಬರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಈ ವರ್ಷದ ಅಪ್ರೈಸಲ್ ಮುಗಿಯಲಿ.

ಮೊದಲೆರಡು ತಿಂಗಳು ಹೊಡೆತ ಬಿತ್ತು ನಿಜ. ದಿನಕ್ಕೆ 14ರ ಸುಮಾರು ಚಾರ್ಟ್ ಮಾಡುತ್ತಿದ್ದವನು 10ಕ್ಕೆ ಇಳಿದೆ. ಇನ್ಸೆಂಟಿವ್ ತಿಂಗಳಿಗೆ ಮೂರ್ನಾಲ್ಕು ಸಾವಿರ ಹೋಯಿತು, ಮನೆಯಲ್ಲೂ ಕೇಳಿದರು. ಈಗ ಮತ್ತೆ 13-14ಕ್ಕೆ ಬಂದಿದ್ದೇನೆ. ಕ್ವಾಲಿಟಿ 92ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದದ್ದು 97 ದಾಟಿದೆ. ಲಿವರ್ ಡಿನೈಯಲ್ ಅರ್ಧಕ್ಕಿಂತ ಕಡಿಮೆ.

ಮಲಿಗ್ನಂಟ್ ಅಸೈಟಿಸ್‌ಗೂ (ಕ್ಯಾನ್ಸರ್‌ನಿಂದ ತುಂಬುವ ನೀರು, ಕೋಡ್ ಆರ್18.0) ಇದೇ ಕ್ರಮ. ಓವರಿ ಕ್ಯಾನ್ಸರ್ ಇದೆ ಅಂದ ಮಾತ್ರಕ್ಕೆ ಆರ್18.0 ಅಲ್ಲ, ಅದೇ ರೋಗಿಗೆ ಸಿರೋಸಿಸ್ ಕೂಡ ಇರಬಹುದು. ಸಾಗ್ ಜಾಸ್ತಿ, ಸೈಟಾಲಜಿ ನೆಗೆಟಿವ್ ಅಂದರೆ ಕೇಳಿಬಿಡಿ. ಆರ್18.0 ಹಾಕುವುದಾದರೆ ಕ್ಯಾನ್ಸರ್ ಕೋಡ್ ಮೊದಲು. ಪಿಸಿಎಸ್‌ನಲ್ಲಿ (ಚಿಕಿತ್ಸಾ ಕ್ರಮಗಳ ಕೋಡ್) ಕೊನೆಯ ಅಕ್ಷರ ಎಕ್ಸಾ (ಪರೀಕ್ಷೆಗೆ ತೆಗೆದದ್ದು) ಝಡ್ಡಾ (ಚಿಕಿತ್ಸೆಗೆ ತೆಗೆದದ್ದು) ಅನ್ನುವ ಜಗಳವೂ ಕಡಿಮೆಯಾಯಿತು, ಯಾಕೆ ತೆಗೆದರು ಅನ್ನುವುದನ್ನು ಮೊದಲೇ ಓದಿರುತ್ತೇವಲ್ಲ.

ದಾವಣಗೆರೆ ಕಡೆಯ ಒಬ್ಬ ಪರಿಚಯದ ಡಾಕ್ಟರ ನರ್ಸಿಂಗ್ ಹೋಮ್‌ನಲ್ಲೂ ಇದನ್ನು ಮಾಡಿ ನೋಡಿದೆ. ನಡೆಯಲಿಲ್ಲ. ಅಲ್ಲಿ ಬಳಸುವ ಡಬ್ಲ್ಯೂಎಚ್‌ಒ ಐಸಿಡಿ-10ರಲ್ಲಿ ಆರ್18 ಒಂದೇ, ಕವಲೇ ಇಲ್ಲ. ಕೆ70.3 (ಕುಡಿತದ ಸಿರೋಸಿಸ್) ಹಾಕಿದರೆ ನೀರಿನ ಸುದ್ದಿ ಅದರಲ್ಲಿ ಬರುವುದಿಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದ ಕ್ಲೇಮ್ ನಡೆಯುವುದು ಪ್ಯಾಕೇಜ್ ಕೋಡ್ ಮೇಲೆ, ಹಾಗಾಗಿ ಅಷ್ಟು ತಲೆಕೆಡಿಸಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ. ಒಂದು ಲಾಭ ಆಯಿತು: ಸಾಗ್ ಕಡಿಮೆ, ಲಿಂಫೋಸೈಟ್ ಜಾಸ್ತಿ ಇದ್ದ ಹಳೆಯ ಫೈಲ್‌ಗಳಲ್ಲಿ ಹೊಟ್ಟೆಯ ಟಿಬಿ ಎಷ್ಟೋ ಇತ್ತು, ಆದರೆ ಅದರ ಕೋಡ್ ಎ18.3 ಹಾಕದೆ ಬರೀ ಆರ್18 ಹಾಕಿ ಮುಚ್ಚಿದ್ದರು.

ಈಗ ಕೈ ಹಾಕಿರುವುದು ಹಾರ್ಟ್ ಫೇಲ್ಯೂರ್ ಚಾರ್ಟ್‌ಗಳಿಗೆ. ಅಲ್ಲೂ ಸಾಗ್ 1.1ರ ಮೇಲೇ ಬರುತ್ತದೆ, ಸಿರೋಸಿಸ್ ಹಾಗೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ನೀರಿನ ಪ್ರೋಟೀನ್ 2.5 ದಾಟಿದೆಯಾ (ಹಾರ್ಟ್ ಕಡೆಯದಾದರೆ ಸಾಮಾನ್ಯವಾಗಿ ದಾಟುತ್ತದೆ) ಅಂತ ನೋಡುವ ಒಂದು ಕಾಲಂ ಶೀಟ್‌ಗೆ ಸೇರಿಸಿದ್ದೇನೆ. ಅರ್ಧಕ್ಕರ್ಧ ರಿಪೋರ್ಟ್‌ಗಳಲ್ಲಿ ಆ ಟೆಸ್ಟೇ ಮಾಡಿಸಿರುವುದಿಲ್ಲ.