ವಜ್ರದ ಹಣ ಯುದ್ಧಕ್ಕೆ ಹರಿದ ದಾರಿಯನ್ನು ಗುರುತಿಸುವ ಬಗೆ

ಮೊದಲು ಗಣಿಯ ಸ್ವರೂಪವನ್ನು ಗಮನಿಸಿ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಕೊನೊ ಪ್ರದೇಶದಲ್ಲಿ ವಜ್ರ ಹೆಚ್ಚಾಗಿ ಸಿಗುವುದು ನದಿಪಾತ್ರದ ಜಲ್ಲಿಯಲ್ಲಿ. 1991ರಿಂದ 2002ರವರೆಗಿನ ಅಂತರ್ಯುದ್ಧದಲ್ಲಿ ಬಂಡುಕೋರರು ಸಲಿಕೆ, ಜರಡಿ ಹಿಡಿದ ಬಡವರನ್ನು ಬಂದೂಕು ತೋರಿಸಿ ದುಡಿಸಿದರು, ಮುಷ್ಟಿಯೊಳಗೆ ಅಡಗುವ ಹರಳುಗಳು ಸುಲಭವಾಗಿ ಗಡಿ ದಾಟಿದವು.

ಬಳಿಕ ರಫ್ತಿನ ಲೆಕ್ಕವನ್ನು ಉತ್ಪಾದನೆಯೊಂದಿಗೆ ಹೋಲಿಸಿ. ನೆರೆಯ ಲೈಬೀರಿಯದ ಹೆಸರಿನಲ್ಲಿ ಅಲ್ಲಿನ ನೆಲ ಕೊಡುವುದಕ್ಕಿಂತ ಬಹಳ ಹೆಚ್ಚು ವಜ್ರ ಮಾರಾಟವಾದದ್ದೇ ಕಳ್ಳಸಾಗಣೆಯ ಸುಳಿವು.

ನಿರ್ಬಂಧದ ವ್ಯಾಪ್ತಿಯನ್ನೂ ಓದಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಸರ್ಕಾರದ ಪ್ರಮಾಣಪತ್ರವಿಲ್ಲದ ಸಿಯೆರಾ ಲಿಯೋನ್ ವಜ್ರವನ್ನು 2000ರಲ್ಲಿ ನಿಷೇಧಿಸಿದರೂ ಲೈಬೀರಿಯದ ದಾರಿಯನ್ನು ಮುಚ್ಚಿದ್ದು 2001ರಲ್ಲಿ. ಕಚ್ಚಾ ವಜ್ರಕ್ಕೆ ಪ್ರಮಾಣಪತ್ರ ಕಡ್ಡಾಯಗೊಳಿಸುವ 2003ರ ಅಂತರರಾಷ್ಟ್ರೀಯ ಕಿಂಬರ್ಲಿ ವ್ಯವಸ್ಥೆ ಬಂಡುಕೋರರ ಕಚ್ಚಾ ವಜ್ರವನ್ನಷ್ಟೇ ತಡೆಯುತ್ತದೆ. ಸರ್ಕಾರಿ ಸೈನಿಕರ ಹಿಂಸೆಯನ್ನು ಹೊರಗಿಟ್ಟಿರುವುದು ನನ್ನ ದೃಷ್ಟಿಯಲ್ಲಿ ಗಂಭೀರ ಲೋಪ. ಸಾಣೆ ಹಿಡಿದ ಹರಳಿಗೆ ಆ ಪ್ರಮಾಣಪತ್ರ ಇರುವುದಿಲ್ಲವಾದ್ದರಿಂದ, ಕೊಳ್ಳುವಾಗ ಗಣಿಯ ಹೆಸರನ್ನೇ ಕೇಳಿ.